ಗುಳ್ಳೆ ತೆಗೆಯುವ ಬೆರಳು

ಒಂದು ಪಶುವೈದ್ಯ ಕಾಲೇಜಿನಲ್ಲಿ ಗುರುಪಾದಪ್ಪ ಎಂಬ ಹಿರಿಯ ಡಾಕ್ಟರು ಇದ್ದರು. ಮೂವತ್ತು ವರ್ಷದ ಅನುಭವ. ಅವರ ಕೈಗುಣ ದೊಡ್ಡದೆಂದು ಸುತ್ತಲಿನ ಊರುಗಳೆಲ್ಲ ಹೇಳುತ್ತಿದ್ದವು. ಅವರ ಶಿಷ್ಯೆ ಮುಬೀನಾ. ಗುರು ನಿಂತಿದ್ದರೆ ತಾನು ಕೂರದವಳು, ಅವರು ಮಾತಾಡುವಾಗ ಬಾಯಿ ತೆರೆಯದವಳು.

ಮುಬೀನಾ ಐದು ವರ್ಷ ದುಡಿದು ಹೊಸ ಬಗೆಯ ಮದ್ದೊಂದನ್ನು ಸಿದ್ಧ ಮಾಡಿದ್ದಳು. ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳು, ಅವುಗಳೊಳಗೆ ಕ್ಯಾನ್ಸರ್ ಔಷಧಿ. ಅವನ್ನು ರಕ್ತಕ್ಕೆ ಸೇರಿಸಿ, ಸ್ಕ್ಯಾನಿಂಗ್ ಮಾಡುವಂಥ ಯಂತ್ರವನ್ನು ಗಡ್ಡೆಯ ಮೇಲೆ ಹಿಡಿಯಬೇಕು. ನಮ್ಮ ಕಿವಿಗೆ ಕೇಳಿಸದ ಶಬ್ದಕ್ಕೆ ಗುಳ್ಳೆಗಳು ಅಲ್ಲಿಯೇ ಒಡೆಯುತ್ತವೆ. ಔಷಧಿ ಗಡ್ಡೆಗೆ ಬೀಳುತ್ತದೆ, ಉಳಿದ ಮೈ ಬಚಾವಾಗುತ್ತದೆ.

ಒಂದು ದಿನ ಕುರಿ ಕಾಯುವ ಮಾಳವ್ವ ತನ್ನ ನಾಯಿಯನ್ನು ಹೊತ್ತು ತಂದಳು. ಹೆಸರು ಸರದಾರ. ಮುಂಗಾಲಿನಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆ. ಹೃದಯವೂ ಸೋತಿತ್ತು. ಮಾಮೂಲಿ ಕ್ಯಾನ್ಸರ್ ಮದ್ದು ಕೊಟ್ಟರೆ ಗಡ್ಡೆ ಕರಗುವ ಮೊದಲೇ ಹೃದಯ ನಿಲ್ಲುವ ಭಯ.

"ಇದು ಇನ್ನೂ ಪರೀಕ್ಷೆ ಮಾಡೋ ಮದ್ದು ಮಾಳವ್ವಾ, ಒಪ್ಪಿಗಿ ಐತೇನು?" ಎಂದರು ಡಾಕ್ಟರು.

"ನನಗ ಮಗ ಇದ್ದಂಗ ಐತ್ರಿ. ಹೆಂಗಾರ ಮಾಡಿ ಉಳಿಸಿ ಕೊಡ್ರಿ," ಎಂದು ಮಾಳವ್ವ ಹೆಬ್ಬೆಟ್ಟು ಒತ್ತಿದಳು.

ಗುರುಪಾದಪ್ಪನವರು ಮದ್ದನ್ನು ಸಿರಿಂಜಿಗೆ ಎಳೆದುಕೊಂಡರು. ನೆಟ್ಟಗೆ ಎತ್ತಿ ಹಿಡಿದರು. ಪಿಸ್ಟನ್ನು ಜೋರಾಗಿ ಹಿಂದಕ್ಕೆ ಜಗ್ಗಿ, ಉಗುರಿನಿಂದ ಟಕ್ ಟಕ್ ಎಂದು ತಟ್ಟಿದರು. ಸೂಜಿಮದ್ದಿನಲ್ಲಿ ಗಾಳಿಗುಳ್ಳೆ ಉಳಿಯಬಾರದೆಂದು ಮೂವತ್ತು ವರ್ಷ ಮಾಡಿದ್ದು ಅದನ್ನೇ, ಕಲಿಸಿದ್ದೂ ಅದನ್ನೇ. ಈ ಮದ್ದಿಗೆ ಹಾಗೆ ಮಾಡಕೂಡದೆಂದು ಮುಬೀನಾ ಸೂಚನೆಗಳ ಮೊದಲ ಪುಟದಲ್ಲೇ ಬರೆದುಕೊಟ್ಟಿದ್ದಳು. ಅವರು ಓದಿಯೂ ಇದ್ದರು. ಬೆರಳು ಓದಿರಲಿಲ್ಲ.

ಮುಬೀನಾ ನೋಡಿದಳು. ಆದರೆ ಇಷ್ಟು ದೊಡ್ಡವರಿಗೆ, ನಾಲ್ಕು ಜನರ ಮುಂದೆ, ನಾನು ಹೇಳುವುದೇ ಎಂದುಕೊಂಡಳು. ಒಂದಷ್ಟು ಗುಳ್ಳೆಯಾದರೂ ಉಳಿದಿರುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಅದು ಗೌರವವೋ ಹೆದರಿಕೆಯೋ? ನಾವು ಎರಡಕ್ಕೂ ಒಂದೇ ಅಂಗಿ ತೊಡಿಸಿಬಿಡುತ್ತೇವೆ.

ಮದ್ದು ಕೊಟ್ಟ ಮೇಲೆ ಮೂರು ದಿನ ಸರದಾರ ಅನ್ನ ಮುಟ್ಟಲಿಲ್ಲ. ವಾಂತಿ, ಏದುಸಿರು. ಮಾಳವ್ವ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕಾಲೇಜಿನ ಜಗಲಿಯಲ್ಲೇ ಕೂತಿದ್ದಳು. ಗಡ್ಡೆ ಇದ್ದ ಹಾಗೇ ಇತ್ತು.

"ಮದ್ದಿನಾಗ ಏನೋ ದೋಷ ಐತಿ. ಇನ್ನೊಮ್ಮೆ ಕೊಟ್ಟು ನೋಡಿ ಬಿಟ್ಟುಬಿಡೂಣು," ಎಂದರು ಡಾಕ್ಟರು. ಮುಬೀನಾ ಆಗಲೂ ಸುಮ್ಮನಿದ್ದಳು.

ಮೂರು ವಾರ ಕಳೆದವು. ಮತ್ತೆ ಸಿರಿಂಜು ಮೇಲೆದ್ದಿತು, ಪಿಸ್ಟನ್ನು ಹಿಂದಕ್ಕೆ ಹೋಯಿತು, ಉಗುರು ತಟ್ಟಿತು. ನಾಯಿ ಮಾಳವ್ವನ ಕೈ ನೆಕ್ಕುತ್ತಿತ್ತು. ಮುಬೀನಾ ಗುರುವಿನ ಮಣಿಕಟ್ಟು ಹಿಡಿದುಬಿಟ್ಟಳು.

"ಬ್ಯಾಡ್ರಿ ಸರ್! ಹಂಗ ಜಗ್ಗಿ ತಟ್ಟಿದ್ರ ಗುಳ್ಳಿ ಇಲ್ಲೇ ಒಡೀತಾವ. ಔಷಧ ಮೈಯೆಲ್ಲಾ ಹರಡಿ ಹೃದಯಕ್ಕ ಹೋಗ್ತದ."

"ನಾ ತಟ್ಟಿದ್ನೇನು?" ಎಂದರು ಅವರು. ನಿಜಕ್ಕೂ ಅವರಿಗೆ ಗೊತ್ತಿರಲಿಲ್ಲ. ತಮ್ಮ ಬೆರಳನ್ನೇ ನೋಡಿಕೊಂಡರು. ಆಮೇಲೆ ಮೆಲ್ಲಗೆ ಕೇಳಿದರು, "ಹ್ವಾದ ಸಲಾನೂ?"

ಮುಬೀನಾ ಅಳುತ್ತ ಹೌದೆಂದು ತಲೆಯಾಡಿಸಿದಳು.

ಗುರುಪಾದಪ್ಪನವರು ಆ ಮದ್ದನ್ನು ಬದಿಗಿಟ್ಟು ಮಾಳವ್ವನಿಗೆ ಕೈಮುಗಿದರು. "ತಪ್ಪು ನಂದವ್ವಾ," ಎಂದರು. ಹೊಸ ಸಿರಿಂಜನ್ನು ಶಿಷ್ಯೆಯ ಕೈಗೇ ಕೊಟ್ಟರು. ಅವಳು ಮೆಲ್ಲಗೆ ಮದ್ದು ತುಂಬಿ, ಅಷ್ಟೇ ಮೆಲ್ಲಗೆ ನಾಯಿಯ ರಕ್ತನಾಳಕ್ಕೆ ಬಿಟ್ಟಳು. ಡಾಕ್ಟರು ಯಂತ್ರವನ್ನು ಗಡ್ಡೆಯ ಮೇಲೆ ಹಿಡಿದುಕೊಂಡು ಕೂತರು.

ಆ ಸಂಜೆಯೇ ಸರದಾರ ಗಂಜಿ ಕುಡಿಯಿತು. ಮದ್ದು ಮುಂದುವರಿದಂತೆ ಗಡ್ಡೆ ಕರಗುತ್ತ ಬಂತು. ಆದರೆ ಮೊದಲ ಸಲದ ಪೆಟ್ಟು ಹೃದಯದಲ್ಲಿ ಉಳಿದುಹೋಯಿತು. ಕುರಿಮಂದೆಯ ಸುತ್ತ ಓಡುತ್ತಿದ್ದ ನಾಯಿ ಈಗ ನಾಲ್ಕು ಹೆಜ್ಜೆಗೇ ಕೂತುಬಿಡುತ್ತಿತ್ತು.

ಊರಿಗೆ ಹೊರಟ ದಿನ ಮುಬೀನಾ, "ನನ್ನ ಕ್ಷಮಿಸವ್ವಾ. ಮೊದಲನೇ ಸಲಾನ ನೋಡಿದ್ದೆ. ದೊಡ್ಡವರು ಅಂತ ಸುಮ್ಮನಾದೆ," ಎಂದಳು.

ಮಾಳವ್ವ ಬೈಯಲಿಲ್ಲ. ನಾಯಿಯನ್ನು ಎತ್ತಿಕೊಳ್ಳುತ್ತ ಹೇಳಿದಳು. "ನಮ್ಮ ಸರದಾರ ತ್ವಾಳ ಕಂಡ್ರ ಬೊಗಳತೈತವ್ವಾ. ಯಜಮಾನಿ ಮಲಗ್ಯಾಳ, ನಿದ್ದಿ ಕೆಡತೈತಿ ಅಂತ ಒಂದಿನಾನೂ ಸುಮ್ಮನಿದ್ದಿಲ್ಲ."

ನೀತಿ: ದೊಡ್ಡವರ ತಪ್ಪು ಕಂಡೂ ಮರ್ಯಾದೆಗೆಂದು ಬಾಯಿ ಮುಚ್ಚಿಕೊಂಡರೆ, ಅದರ ಪೆಟ್ಟು ಬೀಳುವುದು ಬಾಯಿಲ್ಲದ ಜೀವದ ಮೇಲೆ. ತಡೆಯಬೇಕಾದ ಕೈಯನ್ನು ಹೊತ್ತಿಗೆ ಸರಿಯಾಗಿ ತಡೆಯುವುದೇ ಗುರುವಿಗೆ ಕೊಡುವ ನಿಜವಾದ ಗೌರವ.