ಉಪ್ಪರಿಗೆಯಲ್ಲಿ ಕಲಿತ ರಾಜಕುಮಾರಿ

ಕಲ್ಗೂಡು ಸೀಮೆಯನ್ನು ಮುದ್ದುರಾಯ ಆಳತೊಡಗಿದ ಇಪ್ಪತ್ತೆರಡನೆಯ ವರ್ಷ, ಮಾಘಮಾಸದಲ್ಲಿ ಇದು ನಡೆಯಿತು. ಊರೂರಿಗೆ ಡಂಗುರ ಹೋಯಿತು: "ರಾಜಕುಮಾರಿ ಕುಮುದಲೆ ಮೂರು ಒಗಟು ಕೇಳುವಳು. ಮೂರನ್ನೂ ಬಿಡಿಸಿದವನಿಗೆ ಅವಳನ್ನು ಕೊಟ್ಟು ಮದುವೆ, ಜೊತೆಗೆ ಅರ್ಧ ರಾಜ್ಯ. ಒಂದು ತಪ್ಪಿದರೂ ತಲೆ ಹೋಗುವುದು."

ಕುಮುದಲೆ ಮಠಕ್ಕೆ ಹೋಗಿ ಓದಿದವಳಲ್ಲ. ಅವಳ ಅಣ್ಣ ಊರ ಮಕ್ಕಳು ಓದುವ ಮಠದಿಂದ ಸಿಡುಬು ಹತ್ತಿಸಿಕೊಂಡು ಬಂದು ಎಂಟನೆಯ ವಯಸ್ಸಿಗೆ ತೀರಿಕೊಂಡಿದ್ದ. ಆಮೇಲೆ ರಾಜ ಮಗಳನ್ನು ಉಪ್ಪರಿಗೆಯಿಂದ ಇಳಿಸಲಿಲ್ಲ. ತಾನೇ ಕಲಿಸಿದ. ಐದಕ್ಕೆ ಓದಿದಳು, ಏಳಕ್ಕೆ ಲೆಕ್ಕ ಮಾಡಿದಳು, ಹನ್ನೆರಡಕ್ಕೆ ಗ್ರಹಣದ ದಿನ ಹೇಳಿದಳು. ಚೌಕಾಬಾರ ಆಡುವಾಗ ರಾಜ ಬೇಕೆಂದೇ ಸೋಲುತ್ತಿದ್ದ.

ತಲೆ ಹೋಗುವ ಷರತ್ತನ್ನು ಅವಳು ಕತೆಯ ಓಲೆಯೊಂದರಿಂದ ಎತ್ತಿಕೊಂಡಿದ್ದಳು. ರಾಜನಿಗೆ ಅದು ಸರಿಕಾಣಲಿಲ್ಲ. ಆದರೆ ಮಗಳಿಗೆ ಇಲ್ಲ ಎಂದು ಹೇಳಿ ಅವನಿಗೆ ಅಭ್ಯಾಸವಿರಲಿಲ್ಲ. ಸೋತವರನ್ನು ಹಿಂದಿನ ಬಾಗಿಲಿಂದ ಕರೆದೊಯ್ಯುತ್ತಿದ್ದರು. ಆ ಬಾಗಿಲಾಚೆ ಏನಾಗುತ್ತದೆಂದು ಅವಳು ನೋಡಿರಲಿಲ್ಲ.

ಮೊದಲ ಒಗಟು ಇದು: "ಬೆಳಿಗ್ಗೆ ಮುರಿಯುತ್ತದೆ, ಸಂಜೆ ಕೂಡುತ್ತದೆ. ಅಂಟು ಹಾಕುವವರಿಲ್ಲ, ಮುರಿದ ಗುರುತೂ ಉಳಿಯದು. ಏನದು?"

"ಚಿನ್ನ," ಎಂದ ಪಕ್ಕದ ಸೀಮೆಯ ರಾಜಕುಮಾರ.

"ಚಿನ್ನ ಕೂಡಲು ಬೆಂಕಿ ಬೇಕು," ಎಂದಳು. ಅವನನ್ನು ಕರೆದೊಯ್ದರು.

"ನೀರು," ಎಂದ ಸೇನಾಪತಿಯ ತಮ್ಮ.

"ನೀರು ಸಂಜೆಯವರೆಗೆ ಕಾಯುವುದಿಲ್ಲ." ಅವನೂ ಹೋದ.

ಹೀಗೆ ಎಷ್ಟೋ ಮಂದಿ ಹೋದರು. ಸಾಲಿನಲ್ಲಿ ಈಗ ಮುಂದಿದ್ದವನು ಗೌಡರ ಮಗ ಚನ್ನವೀರ. ಕೆರೆಯ ತೂಬು ತೆರೆದು ಮುಚ್ಚುವ ನೀರಗಂಟಿ ದ್ಯಾಮಪ್ಪ ಓಡುತ್ತ ಬಂದು ಅವನ ತೋಳು ಹಿಡಿದ. ಇಬ್ಬರೂ ಒಂದೇ ಮಠದಲ್ಲಿ ಮರಳಿನ ಮೇಲೆ ಅಕ್ಷರ ತಿದ್ದಿದವರು.

"ಲೇ ದ್ಯಾಮ, ನಿನಗೂ ರಾಜ್ಯ ಬೇಕಾಯ್ತೇನೋ? ತೂಬು ಸಾಲದೆ?"

"ನಿನ್ನ ಮಗ್ಗಿ ಹದಿಮೂರಕ್ಕೇ ನಿಲ್ತಿತ್ತು. ಸುಮ್ನೆ ಮನೆಗೆ ನಡಿ."

"ಸತ್ತರೂ ನಿನ್ನ ಹತ್ರ ಮಾತಾಡಲ್ಲ, ಹೋಗು."

"ಬದುಕಿಕೊಂಡೇ ಮಾತು ಬಿಡು," ಎಂದು ದ್ಯಾಮಪ್ಪ ಅವನನ್ನು ಪಕ್ಕಕ್ಕೆ ತಳ್ಳಿ ಒಳಗೆ ನಡೆದ. ತಾನು ಉತ್ತರ ಹೇಳಬಲ್ಲೆ ಎಂಬ ನಂಬಿಕೆ ಅವನಿಗಿರಲಿಲ್ಲ. ಚನ್ನವೀರ ಹೇಳಲಾರ ಎಂಬುದು ಮಾತ್ರ ಗೊತ್ತಿತ್ತು.

ಮೊದಲ ಒಗಟು ಕೇಳಿ ಅವನಿಗೆ ನಗು ಬಂತು.

"ಮಕ್ಕಳ ಗೆಳೆತನ, ತಾಯಿ. ಬೆಳಿಗ್ಗೆ ಟೂ ಬಿಡ್ತೀವಿ, ಸಂಜೆ ಒಂದೇ ಮಾವಿನಕಾಯಿ ಕಚ್ಚಿ ತಿಂತೀವಿ. ಈಗಲೂ ಒಬ್ಬ ಹೊರಗೆ ಟೂ ಬಿಟ್ಟು ನಿಂತಿದ್ದಾನೆ. ಸಂಜೆಗೆ ನಾನು ಉಳಿದಿದ್ದರೆ ಸರಿಹೋಗುತ್ತೆ."

"ಸರಿ," ಎಂದಳು ಕುಮುದಲೆ. "ಕಿಟಕಿಯಿಂದ ನೋಡಿದ್ದೇನೆ. ಎರಡನೆಯದು ಕೇಳು. ನನಗದು ಅಳೆಯದೆ ಸಿಕ್ಕಿತು, ಕೇಳಿದಷ್ಟೂ ಸಿಕ್ಕಿತು. ನಲವತ್ತು ಮಂದಿಯ ನಡುವೆ ಕೂತವನಿಗೆ ಸಿಗದು. ಏನದು? ವಿದ್ಯೆ ಅನ್ನಬೇಡ. ವಿದ್ಯೆ ನಲವತ್ತು ಮಂದಿಗೂ ಸಿಗುತ್ತದೆ."

ದ್ಯಾಮಪ್ಪ ನೆಲದ ಮೇಲೆ ಬೆರಳಿಂದ ಒಂದು ಸುಳಿ ಬರೆದ.

"ತೂಬಿನ ಹತ್ರ ನೀರು ಯಾಕೆ ಸುಳಿ ಸುತ್ತುತ್ತೆ ಅಂತ ಚಿಕ್ಕವನಿದ್ದಾಗ ಮಠದ ಅಯ್ಯನೋರನ್ನ ಕೇಳಿದೆ. 'ಮೊದಲು ಮಗ್ಗಿ ಹೇಳೋ' ಅಂತ ಬೆತ್ತದ ಏಟು ಬಿತ್ತು. ಅಷ್ಟು ಮಕ್ಕಳಿದ್ದರೆ ಅವರಾದರೂ ಏನು ಮಾಡ್ತಾರೆ? ಇವತ್ತಿಗೂ ನನಗೆ ಅದು ಗೊತ್ತಿಲ್ಲ. ನಿಮಗೆ ಸಿಕ್ಕಿದ್ದು ಹಿರಿಯರ ಹೊತ್ತು, ತಾಯಿ. ಪೂರ್ತಿ ಹೊತ್ತು."

ಮಗಳ ಪಕ್ಕ ಕೂತಿದ್ದ ರಾಜ ತಲೆ ಎತ್ತಿದ. "ಆ ಸುಳಿಯ ಕಾರಣವನ್ನೇ ಇವಳು ಆರನೆಯ ವಯಸ್ಸಿಗೆ ಕೇಳಿದ್ದಳು. ನಾವಿಬ್ಬರೂ ಮೂರು ದಿನ ನೀರಿನ ತೊಟ್ಟಿಯ ಮುಂದೆ ಕೂತಿದ್ದೆವು."

ಆ ಮೂರು ದಿನಗಳ ನೆನಪಿಗೆ ಅಪ್ಪ ಮಗಳು ಇಬ್ಬರೂ ಸ್ವಲ್ಪ ನಕ್ಕರು.

"ಮೂರನೆಯದು," ಎಂದಳು. "ಆಟದಲ್ಲಿ ಸೋತವನು ಅಳುತ್ತ ಹೋಗುತ್ತಾನೆ. ಇನ್ನೆಂದೂ ಬರಲಾರೆ ಎಂದು ಆಣೆ ಇಡುತ್ತಾನೆ. ಮರುದಿನ ಸೂರ್ಯ ಹುಟ್ಟಿದಾಗ ಅವನು ಎಲ್ಲಿರುತ್ತಾನೆ?"

"ಅದೇ ಅಂಗಳದಲ್ಲಿ. ಎಲ್ಲರಿಗಿಂತ ಮೊದಲು ಬಂದಿರ್ತಾನೆ."

"ಸರಿ. ಮೂರೂ ಸರಿ." ಅವಳ ಮುಖ ಅರಳಿತು. ದ್ಯಾಮಪ್ಪನ ಮುಖ ಅರಳಲಿಲ್ಲ.

"ಒಂದು ಮಾತು ಕೇಳಲಾ, ತಾಯಿ? ನಿಮ್ಮ ಹತ್ರ ಸೋತವರು ಎಲ್ಲಿದ್ದಾರೆ?"

ಕುಮುದಲೆ ಅಪ್ಪನ ಕಡೆ ತಿರುಗಿದಳು. "ಎಲ್ಲಿದ್ದಾರೆ, ಅಪ್ಪಾ?"

"ನೀನು ಬರೆಸಿದಂತೆಯೇ ಆಯಿತು, ಮಗಳೇ."

"ಅದು ಕತೆಯಲ್ಲಿ ಬರುವ ಮಾತಲ್ಲವೇ? ಸೋತವರು ಹೆದರಿ ಊರಿಗೆ ಹೋಗುತ್ತಾರೆ ಅಂದುಕೊಂಡಿದ್ದೆ."

ರಾಜ ಇಲ್ಲವೆಂದು ತಲೆಯಾಡಿಸಿದ. ಅವಳು ಎದ್ದು ಹಿಂದಿನ ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟಳು.

"ನೀವು ಮಠದಲ್ಲಿ ಹಾಗಂದಿದ್ದರೆ," ಎಂದ ದ್ಯಾಮಪ್ಪ ಮೆಲ್ಲಗೆ, "ಪಕ್ಕದಲ್ಲಿ ಕೂತ ಹುಡುಗಿ ಮೊಣಕೈಯಲ್ಲಿ ತಿವಿದು, 'ಏ, ನಿಜವಾಗ್ಲೂ ಕಡೀತಾರೆ ಕಣೇ' ಅಂದಿರೋಳು."

"ನಾನೇ ಹೇಳಬೇಕಿತ್ತು," ಎಂದ ರಾಜ. "ಮಗ ಹೋದ ಮೇಲೆ ಇವಳಿಗೆ ಯಾವ ನೋವೂ ತಟ್ಟಬಾರದು ಅಂದುಕೊಂಡೆ. ಬೇರೆಯವರ ನೋವೂ ತಿಳಿಯದೆ ಹೋಯಿತು."

ಅಂದೇ ಷರತ್ತು ರದ್ದಾಯಿತು. ದ್ಯಾಮಪ್ಪ ಮದುವೆ ಒಲ್ಲೆ ಎಂದ, ಕುಮುದಲೆಯೂ ಒತ್ತಾಯಿಸಲಿಲ್ಲ. ಅರ್ಧ ರಾಜ್ಯ ತೆಗೆದುಕೊಂಡು ಏನು ಮಾಡುವುದೆಂದು ಅವನಿಗೆ ತಿಳಿಯಲಿಲ್ಲ. ಕೆರೆಯ ಕೆಳಗಿನ ಗದ್ದೆಯನ್ನು ಉಂಬಳಿಯಾಗಿ ಪಡೆದ. ನೀರಿನ ಸುಳಿಯ ಕಾರಣವನ್ನು ರಾಜ ಅವನ ಪಕ್ಕದಲ್ಲಿ ಕೂತು ವಿವರಿಸಿದ. ಸಂಜೆ ಚನ್ನವೀರ ಮಾತಾಡಿದ.

ಕುಮುದಲೆ ಕೇಳಿದ್ದು ಒಂದೇ: ತನ್ನನ್ನು ಆ ಮಠಕ್ಕೆ ಕರೆದುಕೊಂಡು ಹೋಗಬೇಕು. ಹತ್ತೊಂಬತ್ತು ವರ್ಷದವಳು ಮಕ್ಕಳ ಸಾಲಿನ ಕೊನೆಯಲ್ಲಿ, ಮರಳಿನ ಮುಂದೆ ಕೂತಳು. ಮಕ್ಕಳು ಸರಿದು ಜಾಗ ಕೊಟ್ಟರು. ಮಾತಾಡಲಿಲ್ಲ. ಅವಳು ಯಾರೆಂದು ಅವರಿಗೆ ಗೊತ್ತಿತ್ತು. ಸಂಜೆ ಮನೆಗೆ ಹೋಗಿ ಹೇಳಿದರು. ತಲೆ ಹೋಗುವ ಒಗಟಿನವಳೆಂದು ಹೆತ್ತವರು ಹೆದರಿ ಮಕ್ಕಳನ್ನು ಮನೆಯಲ್ಲೇ ಇಟ್ಟುಕೊಂಡು ತಾವೇ ಕಲಿಸತೊಡಗಿದರು.

ಮೊದಲ ದಿನ ಮಠದಲ್ಲಿ ಮೂವತ್ತೆಂಟು ಮಕ್ಕಳಿದ್ದರು. ಮರುದಿನ ಒಂಬತ್ತು.