ವೀರಭದ್ರಪ್ಪನವರ ಅಬ್ಬರ

ದಾವಣಗೆರೆಯ ಒಂದು ಜಿಮ್ಮಿನಲ್ಲಿ ಕಂಟ್ರಾಕ್ಟರ್ ವೀರಭದ್ರಪ್ಪನವರು ತೂಕ ಎತ್ತಿದಾಗಲೆಲ್ಲ ಕಿಟಕಿ ನಡುಗುವಂತೆ ಅರಚುತ್ತಿದ್ದರು. ಬೇಸತ್ತವರು ಒಬ್ಬೊಬ್ಬರಾಗಿ ಜಿಮ್ಮು ಬಿಡತೊಡಗಿದರು. ಹೇಳಲು ಹೆದರಿದ ಮಾಲೀಕ, ಕಸ ಗುಡಿಸುವ ಸಣ್ಣಕ್ಕನನ್ನು ಕರೆದು, "ಅವರನ್ನ ನೀನೇ ಸುಮ್ಮನಾಗಿಸು. ಬೈಯಂಗಿಲ್ಲ. ಆಗಲಿಲ್ಲಾಂದ್ರೆ ನಾಳೆಯಿಂದ ಬರಬೇಡ" ಎಂದ.

ಮರುದಿನ ವೀರಭದ್ರಪ್ಪ ಅರಚಿದ್ದೇ ತಡ, ಸಣ್ಣಕ್ಕ ಪೊರಕೆ ಎಸೆದು ಓಡಿಬಂದಳು.

"ಅಯ್ಯೋ ಸಾಹುಕಾರ್ರೆ, ಎಲ್ಲಿ ಉಳುಕಿತು? ಯಾರಾದ್ರೂ ಆಟೋ ಕರೀರಿ!" ಎಂದು ಅವರಿಗಿಂತ ಜೋರಾಗಿ ಕೂಗಿದಳು.

"ಉಳುಕಿಲ್ಲಮ್ಮ, ಇದು ಶಕ್ತಿ!" ಎಂದು ಗುಡುಗಿದರು ವೀರಭದ್ರಪ್ಪ.

"ಹೌದಾ? ಪಕ್ಕದಲ್ಲಿ ಟೀಚರಮ್ಮ ಇಷ್ಟೇ ತೂಕ ಎತ್ತಿದ್ರು, ಕೆಮ್ಮಲೂ ಇಲ್ಲ. ಅದಕ್ಕೇ ನಿಮಗೇನೋ ಆಯ್ತು ಅಂದ್ಕೊಂಡೆ."

ಜಿಮ್ಮೆಲ್ಲ ನಕ್ಕಿತು. ಮುಂದಿನ ಸಲ ತೂಕ ಎತ್ತುವಾಗ ವೀರಭದ್ರಪ್ಪನವರ ಕೆನ್ನೆ ಉಬ್ಬಿತು, ಮುಖ ಕೆಂಪಾಯಿತು, ತುಟಿ ಮಾತ್ರ ಬಿಚ್ಚಲಿಲ್ಲ.