ಕಪಾಟಿನ ಮುಂದಿನ ಫೈಲು

ಇದನ್ನು ಹೇಳಿಕೊಳ್ಳಲು ಈಗಲೂ ನಾಚಿಕೆಯಾಗುತ್ತದೆ. ನಾನಾಗ ಉಪಗ್ರಹ ಕೇಂದ್ರವೊಂದರ ನಿರ್ದೇಶಕ. ಹಳೆಯ ಉಪಗ್ರಹಗಳ ಕಾಗದಪತ್ರಗಳನ್ನೆಲ್ಲ ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಉಳಿಸುವ ಕೆಲಸ ನಡೆದಿತ್ತು. ರೆಕಾರ್ಡ್ ರೂಮಿನ ಗುಮಾಸ್ತೆಯನ್ನು ಕರೆಸಿ ಗದರಿದೆ.

"ಗೆದ್ದದ್ದು ಮಾತ್ರ ಇರಲಿ. ಕೆಟ್ಟುಹೋದ ಪರೀಕ್ಷೆಗಳ ವರದಿಗಳನ್ನೆಲ್ಲ ಹರಿದು ಹಾಕಿ. ಮುಂದಿನವರು ನಮ್ಮನ್ನು ನೋಡಿ ನಗಬಾರದು."

"ಆಗಲಿ ಸರ್," ಅಂದರು ಆಕೆ. "ಹರಿಯುವ ಮುಂಚೆ ಪ್ರತಿ ಫೈಲಿನ ಮೇಲೂ 'ಬೇಡ' ಅಂತ ಬರೆದು ನೀವು ಸಹಿ ಹಾಕಬೇಕು. ನಿಯಮ ಇದೆ."

ಮಧ್ಯಾಹ್ನ ಒಂದೇ ಒಂದು ಫೈಲು ತಂದಿಟ್ಟರು. ಪೆನ್ನು ಹಿಡಿದುಕೊಂಡೇ ಬಿಚ್ಚಿದೆ. ಮೂವತ್ತು ವರ್ಷ ಹಳೆಯ ವರದಿ. "ಪರೀಕ್ಷೆಯಲ್ಲಿ ಬ್ಯಾಟರಿ ಸುಟ್ಟುಹೋಯಿತು. ತಂತಿಯನ್ನು ಉಲ್ಟಾ ಜೋಡಿಸಿದ್ದು ನಾನೇ." ಕೆಳಗೆ ನನ್ನದೇ ಸಹಿ.

ಅದರ ಕೆಳಗೆ, ಆಮೇಲೆ ಬಂದ ಎಂಜಿನಿಯರುಗಳು ಬೇರೆ ಬೇರೆ ಶಾಯಿಯಲ್ಲಿ ಬರೆದಿದ್ದರು: "ಓದಿದೆ. ನಮ್ಮ ತಂತಿಯನ್ನೂ ನೋಡಿಕೊಂಡೆ." ಹತ್ತೊಂಬತ್ತು ಜನ. ಒಬ್ಬಳು ಇಷ್ಟು ಸೇರಿಸಿದ್ದಳು: "ನನ್ನದೂ ಉಲ್ಟಾ ಇತ್ತು. ಸರಿಮಾಡಿದೆ."

ನನ್ನ ಕಿವಿ ಬಿಸಿಯಾಯಿತು. "ಬೇಕೆಂದೇ ಇದನ್ನು ಹುಡುಕಿ ತಂದಿರಾ?"

"ಹುಡುಕಲಿಲ್ಲ ಸರ್. ಎಲ್ಲರೂ ಬಂದು ಕೇಳುವುದು ಇದನ್ನೇ. ಅದಕ್ಕೇ ಕಪಾಟಿನಲ್ಲಿ ಮುಂದೆಯೇ ಇಟ್ಟಿರುತ್ತೇನೆ."

ಪೆನ್ನು ಕೆಳಗಿಟ್ಟೆ. ತಲೆ ತಗ್ಗಿಸಿಕೊಂಡೇ ಕೇಳಿದೆ: "ಸ್ಕ್ಯಾನ್ ಮಾಡುವಾಗ ನನ್ನ ಹೆಸರನ್ನಾದರೂ ಮುಚ್ಚಬಹುದೇ?"

"ಧಾರಾಳವಾಗಿ ಸರ್," ಅಂದರು ಆಕೆ. "ಯಾಕೆ ಮುಚ್ಚಬೇಕು ಅಂತ ಒಂದು ಅರ್ಜಿ ಬರೆದು ಸಹಿ ಹಾಕಿಕೊಡಿ. ಅದನ್ನೂ ಸ್ಕ್ಯಾನ್ ಮಾಡಿ ಇದರ ಜೊತೆಗೇ ಇಡುತ್ತೇನೆ."